ಅರವತ್ತು ಲೀಟರಿನ ಕಡಲಿಗೆ ಬೇಸಿಗೆ

ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಪಡುವಣ ಗೋಡೆಗಳು ಮಧ್ಯಾಹ್ನ ಎರಡರ ಮೇಲೆ ಬಿಸಿಲು ಹೀರಲು ತೊಡಗುತ್ತವೆ. ನಾಲ್ಕು ಗಂಟೆಗೆ ಒಳಗಿನಿಂದ ಅಂಗೈ ಒತ್ತಿದರೆ ಗೋಡೆ ಬೆಚ್ಚಗಿರುತ್ತದೆ, ಏಳಕ್ಕೆ ಬಿಸಿಯಾಗಿರುತ್ತದೆ. ಹೊತ್ತು ಮುಳುಗಿ, ಬೀದಿ ತಣ್ಣಗಾಗಿ, ಜನ ಬಾಲ್ಕನಿಗೆ ಕುರ್ಚಿ ಎಳೆದುಕೊಂಡು ಕೂತ ಮೇಲೂ ಮನೆಯೊಳಗಿನ ಧಗೆ ಏರುತ್ತಲೇ ಇರುತ್ತದೆ. ನೆತ್ತಿಯ ಮೇಲೆ ತಾರಸಿ ಇರುವ ಕೊನೆಯ ಮಹಡಿಯ ಮನೆಯಾದರಂತೂ ಕೇಳುವುದೇ ಬೇಡ. ಹಗಲೆಲ್ಲ ಕಾದ ಕಾಂಕ್ರೀಟು ಸರಿರಾತ್ರಿಯವರೆಗೂ ಬಿಸಿಯನ್ನು ಕೆಳಕ್ಕೆ ಬಿಡುತ್ತದೆ. 2024ರ ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ದಾಖಲಾಯಿತು. ಅದಕ್ಕೆ ಎಂಟು ವರ್ಷ ಮೊದಲು, 2016ರ ಏಪ್ರಿಲ್‌ನಲ್ಲಿ, 39.2 ಮುಟ್ಟಿತ್ತು. ಮನುಷ್ಯರು ಮಜ್ಜಿಗೆ ಕುಡಿದು, ತಣ್ಣೀರು ಸ್ನಾನ ಮಾಡಿ, ಒದ್ದೆ ಚಾದರ ಹೊದ್ದು ಹೇಗೋ ದಿನ ದೂಡುತ್ತಾರೆ. ಇದೇ ಧಗೆಯಲ್ಲಿ ನಡುಮನೆಯ ಮೂಲೆಯಲ್ಲಿ ಒಂದು ತುಂಡು ಕಡಲು ಇಟ್ಟುಕೊಂಡವರ ಪಾಡು ಬೇರೆ.

ನಮ್ಮ ಮನೆಯದು ಒಂದೂವರೆ ಅಡಿ ಉದ್ದದ ಗಾಜಿನ ತೊಟ್ಟಿ, ಅರವತ್ತು ಲೀಟರ್ ಉಪ್ಪುನೀರು. ಬುಡದಲ್ಲಿ ಬಿಳಿ ಮರಳು, ನಡುವೆ ಮನುಷ್ಯರೇ ಮಾಡಿದ ರಂಧ್ರ ರಂಧ್ರದ ಬಂಡೆ. ಆ ಬಂಡೆಯ ಮೈತುಂಬ ಝೋವಾಂಥಿಡ್ ಎಂಬ ಪುಟ್ಟ ಹವಳಜೀವಿಗಳು ಹಬ್ಬಿವೆ. ಒಂದೊಂದೂ ಅಂಗಿಯ ಗುಂಡಿಯಷ್ಟೇ ಅಗಲ. ನಡುವೆ ಕಿತ್ತಳೆ ಬಣ್ಣದ ಬಟ್ಟಲು, ಸುತ್ತ ಹಸಿರು ಎಳೆಗಳ ಅಂಚು. ನೆರಳಿನ ಕಡೆ ಮಶ್ರೂಮ್ ಹವಳಗಳು ಬಂಡೆಗೆ ಮೈಚಾಚಿ ಮಲಗಿವೆ, ನೇರಳೆ ಮೈ, ಮೇಲೆ ನೀಲಿ ಚುಕ್ಕೆ. ತೊಟ್ಟಿಯಲ್ಲೇ ಮೊಟ್ಟೆಯೊಡೆದು ಬೆಳೆದ ತಳಿಯ ಎರಡು ಕ್ಲೌನ್ ಮೀನುಗಳು, ಬೆನ್ನುದ್ದ ಬಿಳಿಪಟ್ಟೆಯ ಒಂದು ಕೆಂಪು ಸೀಗಡಿ, ನಾಲ್ಕಾರು ಬಸವನಹುಳು. ಗಟ್ಟಿ ಹವಳ ಇಲ್ಲಿಲ್ಲ. ಸುಣ್ಣದ ಗೂಡು ಕಟ್ಟುವ ಹವಳಗಳಿಗೆಲ್ಲ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನಮ್ಮ ಕಡಲಿನಿಂದ ಅವನ್ನು ಮುರಿದು ತರುವುದು ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಮಾಡಬಾರದ ಕೆಲಸ. ಮೆತ್ತನೆಯ ಹವಳಗಳಲ್ಲೇ ಒಂದು ಮನೆಗೆ ಬೇಕಾದಷ್ಟು ಕಡಲಿದೆ.

ಈ ತೊಟ್ಟಿಯಲ್ಲಿ ನಾನು ದಿನಾ ಮೊದಲು ನೋಡುವುದು ಕ್ಸೀನಿಯಾ ಎಂಬ ಮೆತ್ತನೆಯ ಹವಳವನ್ನು. ಬಂಡೆಯ ತುದಿಯಲ್ಲಿ ಬೆರಳು ದಪ್ಪದ ಮಾಸಲು ಗುಲಾಬಿ ಕಾಂಡ, ಅದರ ನೆತ್ತಿಯಲ್ಲಿ ಹತ್ತಾರು ಪಾಲಿಪ್‌ಗಳು. ಒಂದೊಂದು ಪಾಲಿಪ್‌ಗೂ ಎಂಟೆಂಟು ತೋಳು, ಪ್ರತಿ ತೋಳಿನ ಎರಡೂ ಅಂಚಿಗೆ ಗರಿ. ಆ ಎಂಟು ತೋಳುಗಳು ಒಟ್ಟಿಗೆ ಒಳಕ್ಕೆ ಮಡಚುತ್ತವೆ, ಮತ್ತೆ ಹೊರಕ್ಕೆ ಅರಳುತ್ತವೆ; ಮಡಚುತ್ತವೆ, ಅರಳುತ್ತವೆ. ಪಕ್ಕದ ಪಾಲಿಪ್‌ಗೂ ಇದಕ್ಕೂ ತಾಳ ಕೂಡುವುದಿಲ್ಲ, ಒಂದೊಂದರದ್ದು ಒಂದೊಂದು ಲಯ. ಇಷ್ಟು ದುಡಿಮೆ ಯಾತಕ್ಕೆ ಎಂದು ವಿಜ್ಞಾನಿಗಳಿಗೂ ಬಹುಕಾಲ ತಿಳಿದಿರಲಿಲ್ಲ. ಕೆಂಪು ಸಮುದ್ರದ ಐಲಾಟ್ ತೀರದಲ್ಲಿ ಇದರ ಹತ್ತಿರದ ನೆಂಟನನ್ನು ನೀರಿನಡಿಯ ಕ್ಯಾಮೆರಾ ಇಟ್ಟು ನೋಡಿದವರು 2013ರಲ್ಲಿ ಉತ್ತರ ಕೊಟ್ಟರು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿವೆ. ಬಿಸಿಲಿನಲ್ಲಿ ಅವು ಅಡುಗೆ ಮಾಡುವಾಗ ಆಮ್ಲಜನಕ ಹೊರಬೀಳುತ್ತದೆ. ಅದು ಮೈಗೆ ಅಂಟಿಕೊಂಡೇ ಉಳಿದರೆ ಅಡುಗೆ ಕುಂಠಿತವಾಗುತ್ತದೆ. ತೋಳಿನ ಆ ಬೀಸಾಟ ಹಳೆಯ ನೀರನ್ನು ದೂರ ತಳ್ಳಿ ಹೊಸ ನೀರನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ಈ ಹವಳ ಬೀಸಾಟ ನಿಲ್ಲಿಸಿ ವಿಶ್ರಮಿಸುತ್ತದೆ ಎಂಬುದನ್ನೂ ಅವರೇ ಕಂಡರು. ಹಾಗಾಗಿ ಕ್ಸೀನಿಯಾ ನಿಂತ ಕೂಡಲೇ ಗಾಬರಿ ಬೀಳಬೇಕಿಲ್ಲ. ಆದರೆ ಬೀಸಾಟ ನಿಧಾನವಾಗುತ್ತ ಬಂದು, ತೋಳುಗಳು ಅರ್ಧ ಮಡಚಿದಲ್ಲೇ ಜೋತುಬಿದ್ದು, ಸಂಜೆಯಾದರೂ ಏಳದಿದ್ದರೆ ಥರ್ಮಾಮೀಟರ್ ನೋಡಬೇಕು.

ಬೆಳಗ್ಗೆ ಏಳಕ್ಕೆ 26.3. ಹನ್ನೊಂದಕ್ಕೆ 27. ಮೂರಕ್ಕೆ 28.4. ಆರು ಗಂಟೆಗೆ, ಗೋಡೆ ತನ್ನ ಸಾಲ ತೀರಿಸಲು ಶುರುಮಾಡಿದ ಮೇಲೆ, 29.2. ಏನೂ ಮಾಡದೆ ಬಿಟ್ಟರೆ ಕಡುಬೇಸಿಗೆಯ ದಿನವೊಂದರಲ್ಲಿ ಕೆಂಪು ಅಂಕಿಗಳು ಓಡುವ ದಾರಿ ಇದು. ಹವಳ ಸಾಕುವವರು ಸಾಮಾನ್ಯವಾಗಿ 24ರಿಂದ 27 ಡಿಗ್ರಿಯೊಳಗೆ ನೀರನ್ನು ಇಡಲು ನೋಡುತ್ತಾರೆ. 28 ದಾಟಿತೆಂದರೆ ಕಣ್ಣು ಅಲ್ಲೇ ಇರಬೇಕು, 29ಕ್ಕೆ ಕೈಯೂ ಸಿದ್ಧವಿರಬೇಕು.

ಅಂಗಡಿಗಳಲ್ಲಿ ಚಿಕ್ಕ ತೊಟ್ಟಿಯನ್ನು ಹೊಸಬರಿಗೆ ಸುಲಭವೆಂದು ತೋರಿಸುತ್ತಾರೆ. ಜಾಗ ಕಡಿಮೆ, ಕಾಸು ಕಡಿಮೆ, ಅದು ನಿಜ. ಕೆಲಸ ಮಾತ್ರ ಕಡಿಮೆಯಲ್ಲ, ಬೇಸಿಗೆಯಲ್ಲಂತೂ ದುಪ್ಪಟ್ಟು. ಅರವತ್ತು ಲೀಟರ್ ನೀರು ಒಂದು ಡಿಗ್ರಿ ಕಾಯಲು ಬೇಕಾದ ಶಾಖ ಸುಮಾರು 250 ಕಿಲೋಜೂಲ್. ನೀರಿನೊಳಗೆ ಹಗಲೂ ರಾತ್ರಿ ತಿರುಗುವ ಹತ್ತು ವಾಟಿನ ಸಣ್ಣ ಪಂಪು, ಎಲ್ಲೂ ಬಿಸಿಯನ್ನು ಹೊರಹೋಗಗೊಡದಿದ್ದರೆ, ಒಂದು ದಿನದಲ್ಲಿ ಅದೇ ನೀರನ್ನು ಮೂರು ಡಿಗ್ರಿಗೂ ಹೆಚ್ಚು ಕಾಯಿಸಬಲ್ಲದು. ಪಂಪಿಗೆ ಹೋದ ಕರೆಂಟೆಲ್ಲ ಕೊನೆಗೆ ಶಾಖವಾಗಿ ನೀರನ್ನೇ ಸೇರುತ್ತದೆ. ಅಲೆ ಎಬ್ಬಿಸುವ ವೇವ್‌ಮೇಕರ್, ಕೊಳೆ ತೆಗೆಯುವ ಸ್ಕಿಮ್ಮರ್‌ನ ಪಂಪು, ಮೇಲಿನ ಎಲ್‌ಇಡಿ ಎಲ್ಲವೂ ತಂತಮ್ಮ ಪಾಲು ಹಾಕುತ್ತವೆ. ತಂಪಾದ ದಿನಗಳಲ್ಲಿ ಈ ಬಿಸಿ ಗಾಜಿನಿಂದ ಹೊರಗೆ ಸೋರಿಹೋಗುತ್ತದೆ. ಏಪ್ರಿಲ್‌ನಲ್ಲಿ ಕೋಣೆಯೇ 33 ಡಿಗ್ರಿ ಇದ್ದಾಗ ಬಿಸಿ ಗಾಜಿನ ಹೊರಗಿಂದ ಒಳಕ್ಕೆ ಬರುತ್ತದೆ. ಐನೂರು ಲೀಟರಿನ ತೊಟ್ಟಿ ಇದೇ ಕೋಣೆಯಲ್ಲಿ ಇದ್ದಿದ್ದರೆ ರಾತ್ರಿಯ ತಂಪು ಬರುವವರೆಗೆ ತಡೆದುಕೊಳ್ಳುತ್ತಿತ್ತು. ಅರವತ್ತು ಲೀಟರಿಗೆ ಆ ತಾಳಿಕೆ ಇಲ್ಲ. ಆದ್ದರಿಂದ ಬೇಸಿಗೆ ಹುಟ್ಟುವ ಮೊದಲೇ, ಶಿವರಾತ್ರಿಯ ಆಸುಪಾಸಿಗೆ, ನಾನು ಸ್ಕಿಮ್ಮರ್ ಪಂಪಿನ ಹೊತ್ತು ಕಡಿಮೆ ಮಾಡಿ, ನೀರಿನೊಳಗಿನ ವಾಟುಗಳನ್ನು ಒಂದೊಂದಾಗಿ ಎಣಿಸಿ, ಬೇಡದ್ದನ್ನು ಹೊರಗೆ ತೆಗೆಯುತ್ತೇನೆ.

ಬಿಸಿ ಹವಳವನ್ನು ಕೊಲ್ಲುವ ಬಗೆ ವಿಚಿತ್ರವಾದದ್ದು. ಮೈಯೊಳಗಿನ ಪಾಚಿ ಹವಳಕ್ಕೆ ಊಟ ಹಾಕುವ ಬಾಡಿಗೆದಾರ. ನೀರು ಮಿತಿಮೀರಿ ಕಾದಾಗ ಆ ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರ ಹದಗೆಡುತ್ತದೆ. ಮೇಲಿಂದ ಬೆಳಕು ಬೀಳುತ್ತಲೇ ಇದ್ದರೆ, ಅಡುಗೆಗೆ ಬಳಕೆಯಾಗದ ಆ ಶಕ್ತಿ ಹವಳದ ಜೀವಕೋಶಗಳನ್ನೇ ಸುಡುವ ಆಮ್ಲಜನಕದ ಉಗ್ರ ರೂಪಗಳಾಗಿ ಬದಲಾಗುತ್ತದೆ. ಆಗ ಹವಳ ತನ್ನ ಅನ್ನದಾತನನ್ನೇ ಹೊರಗೆ ಹಾಕುತ್ತದೆ. ಬಣ್ಣ ಕೊಡುತ್ತಿದ್ದುದೂ ಬಹುಪಾಲು ಆ ಪಾಚಿಯೇ ಆದ್ದರಿಂದ ಹವಳ ಬಿಳಿಚುತ್ತದೆ. ಬಿಳಿಚಿದ ಹವಳ ಸತ್ತ ಹವಳವಲ್ಲ, ಹಸಿದ ಹವಳ. ನೀರು ಬೇಗ ತಣಿದರೆ ಪಾಚಿ ಮತ್ತೆ ಬಂದು ನೆಲೆಸಬಹುದು.

ಇದರಲ್ಲಿ ಮನೆಯವರು ಗಮನಿಸಬೇಕಾದ ಮಾತೊಂದಿದೆ. ಕೊಲ್ಲುವುದು ಬಿಸಿಯೊಂದೇ ಅಲ್ಲ, ಬಿಸಿ ಮತ್ತು ಬೆಳಕು ಕೂಡಿ. ಬಿಸಿಯನ್ನು ತಕ್ಷಣ ಇಳಿಸಲಾಗದಿದ್ದರೂ ಬೆಳಕನ್ನು ಒಂದು ಸ್ವಿಚ್ಚಿನಲ್ಲಿ ಇಳಿಸಬಹುದು. ಆದ್ದರಿಂದ ಮಾರ್ಚ್ ಕೊನೆಯಿಂದ ನಮ್ಮ ತೊಟ್ಟಿಯಲ್ಲಿ ಹಗಲು ಬೆಳಗಾಗುವುದು ಸಂಜೆ ಏಳಕ್ಕೆ, ಕತ್ತಲಾಗುವುದು ನಡುರಾತ್ರಿ ಒಂದಕ್ಕೆ. ಹೊರಗಿನ ಧಗೆ ಏರುವ ಹೊತ್ತಿನಲ್ಲಿ ತೊಟ್ಟಿಯ ದೀಪ ಆರಿರುತ್ತದೆ. ದೀಪದ ಶಾಖವೂ ತಪ್ಪಿತು, ಬೆಳಕಿನ ಏಟೂ ತಪ್ಪಿತು. ಬಂದ ನೆಂಟರು ಮಧ್ಯಾಹ್ನ ಕತ್ತಲೆಯಲ್ಲಿ ಕೂತ ಮೀನುಗಳನ್ನು ನೋಡಿ, "ಪಾಪ, ಲೈಟ್ ಹಾಕಬಾರದೇನಪ್ಪಾ" ಎನ್ನುತ್ತಾರೆ. ರಾತ್ರಿ ಊಟಕ್ಕೆ ನಿಂತರೆ ತೋರಿಸುತ್ತೇನೆ ಎಂದು ಹೇಳುತ್ತೇನೆ. ನಿಂತವರು ಕ್ಸೀನಿಯಾದ ಮುಂದಿನಿಂದ ಏಳುವುದಿಲ್ಲ.

ತೊಟ್ಟಿಯ ಹಿಂದಿನ ಅಂಚಿಗೆ ಎರಡು ಪುಟ್ಟ ಫ್ಯಾನುಗಳನ್ನು ಕಟ್ಟಿದ್ದೇನೆ. ಕಂಪ್ಯೂಟರಿನೊಳಗೆ ತಿರುಗುವ ಹನ್ನೆರಡು ವೋಲ್ಟಿನವು, ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿಗೂ ಸಿಗುತ್ತವೆ. ಅವು ನೀರಿನ ಮೇಲೆ ಓರೆಯಾಗಿ ಗಾಳಿ ಊದುವ ಹಾಗೆ ಕೂರಿಸಬೇಕು. ಗಾಜಿನ ಮುಚ್ಚಳ ತೆಗೆದು ಅದರ ಬದಲು ಬಲೆ ಹಾಕಬೇಕು, ಇಲ್ಲವಾದರೆ ಮೀನು ಹೊರಗೆ ಹಾರುತ್ತದೆ. ಫ್ಯಾನ್ ಹಾಕಿದ ಮೇಲೆ ನೀರಿನ ಮೈಮೇಲೆ ಸಣ್ಣ ಸುಕ್ಕುಗಳು ಏಳುತ್ತವೆ. ಹತ್ತಿರ ಕಿವಿಯಿಟ್ಟರೆ ಗುಂಯ್ ಎನ್ನುವ ಸದ್ದು. ಗಾಜಿನ ಮೇಲಂಚಿಗೆ ಉಪ್ಪಿನ ಬಿಳಿ ಹೊಪ್ಪಳೆ ಕಟ್ಟಿಕೊಳ್ಳುತ್ತದೆ, ಬೆರಳಲ್ಲಿ ಕೆರೆದರೆ ಪುಡಿಪುಡಿ.

ಇಷ್ಟು ಸಣ್ಣ ಫ್ಯಾನು ಏನು ಮಾಡೀತು ಎಂದು ಅನುಮಾನ ಪಡುವವರಿಗೆ ಲೆಕ್ಕ ತೋರಿಸಬೇಕು. ಮಣ್ಣಿನ ಹೂಜಿ ಬೆವರಿ ನೀರನ್ನು ತಂಪು ಮಾಡುವ ಹಾಗೆಯೇ ಇದೂ. ಒಂದು ಲೀಟರ್ ನೀರು ಆವಿಯಾಗಿ ಹೋಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಆ ಶಾಖವನ್ನು ಅದು ಹಿಂದೆ ಉಳಿದ ನೀರಿನಿಂದ ಕಿತ್ತುಕೊಂಡು ಹೋಗುತ್ತದೆ. ಹಾಗಾದರೆ ಅರವತ್ತು ಲೀಟರನ್ನು ಒಂದು ಡಿಗ್ರಿ ಇಳಿಸಲು ನೂರು ಮಿಲಿಲೀಟರ್, ಅಂದರೆ ಅರ್ಧ ಲೋಟ ನೀರು ಆವಿಯಾದರೆ ಸಾಕು. ಫ್ರೀಜರಿನಲ್ಲಿಟ್ಟು ಗಡ್ಡೆ ಕಟ್ಟಿಸಿದ ಅರ್ಧ ಲೀಟರಿನ ಬಾಟಲಿಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಅದು ಪೂರ್ತಿ ಕರಗಿ, ಕರಗಿದ ನೀರೂ ತೊಟ್ಟಿಯಷ್ಟೇ ಬೆಚ್ಚಗಾದರೆ ಇಳಿಯುವುದೂ ಹೆಚ್ಚು ಕಡಿಮೆ ಒಂದೇ ಡಿಗ್ರಿ. ಅರ್ಧ ಲೀಟರ್ ಮಂಜುಗಡ್ಡೆಯ ಕೆಲಸವನ್ನು ಅರ್ಧ ಲೋಟ ಆವಿ ಮಾಡುತ್ತದೆ, ಅದೂ ಸದ್ದಿಲ್ಲದೆ, ದಿನವಿಡೀ, ಏರುಪೇರಿಲ್ಲದೆ. ಈ ಲೆಕ್ಕ ಮೊದಲ ಸಲ ಹಾಕಿದಾಗ ನನಗಾದ ಬೆರಗು ಇನ್ನೂ ಆರಿಲ್ಲ.

ಬೆಂಗಳೂರಿನ ಬೇಸಿಗೆ ಗಾಳಿ ಒಣ. ಮಧ್ಯಾಹ್ನ 36 ಡಿಗ್ರಿ ಇದ್ದು ತೇವಾಂಶ ಶೇಕಡ 25ರಷ್ಟಿದ್ದರೆ, ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದ ಥರ್ಮಾಮೀಟರು 22ರ ಆಸುಪಾಸಿಗೆ ಇಳಿಯುತ್ತದೆ. ಆವಿಯಾಗಿ ತಣಿಯುವ ನೀರಿಗೆ ಅದು ತಳ. ನಮಗೆ ಬೇಕಾದದ್ದು 26. ಕೈಗೆಟಕುವ ದೂರದಲ್ಲೇ ಇದೆ. ಹೊರಗೆ ಬಿಸಿಲು ಹೆಚ್ಚಿದಷ್ಟೂ ಗಾಳಿ ಒಣಗುತ್ತದೆ, ಗಾಳಿ ಒಣಗಿದಷ್ಟೂ ಫ್ಯಾನಿನ ಕೈ ಬಲವಾಗುತ್ತದೆ. ಬಯಲುಸೀಮೆಯ ಬೇಸಿಗೆಗೆ ಇಷ್ಟು ದಯೆ ಇದೆ.

ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. ಕಡಲ ನೀರಿನಲ್ಲಿ ಸಾವಿರ ಪಾಲಿಗೆ 35 ಪಾಲು ಉಪ್ಪು. ಅರವತ್ತರಲ್ಲಿ ಎರಡು ಲೀಟರ್ ಹೋಯಿತೆಂದರೆ ಅದು 36 ದಾಟುತ್ತದೆ. ಎರಡು ದಿನ ಮರೆತರೆ ಸೀಗಡಿಗೆ ತಡೆಯದು. ಆದ್ದರಿಂದ ಹೋದಷ್ಟೇ ಸಿಹಿನೀರನ್ನು ಮತ್ತೆ ತುಂಬುತ್ತಿರಬೇಕು. ಉಪ್ಪುನೀರು ತುಂಬಬಾರದು, ಹೊಸಬರು ಎಡವುವುದು ಇಲ್ಲೇ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದುಕೊಂಡು, ಬೆಳಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಆ ಗೆರೆಯವರೆಗೆ ತುಂಬಿದರಾಯಿತು. ತೇಲುಗುಂಡು ನೋಡಿ ತಾನೇ ತುಂಬುವ ಯಂತ್ರವೂ ಸಿಗುತ್ತದೆ. ಊರಿಗೆ ಹೋಗುವವರಿಗೆ ಅದು ಬೇಕೇ ಬೇಕು.

ಆ ಸಿಹಿನೀರು ಯಾವುದು ಎಂಬುದು ಬೆಂಗಳೂರಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಬೋರ್‌ವೆಲ್ ನೀರಿನ ಗಡಸು, ನಲ್ಲಿ ನೀರಿನ ಕ್ಲೋರಿನ್ ಎರಡೂ ಹವಳಕ್ಕೆ ಆಗದು. ಆರ್‌ಒ ಯಂತ್ರದಲ್ಲಿ ಸೋಸಿದ ನೀರೇ ಬೇಕು. ಆ ಯಂತ್ರ ಒಂದು ಕೊಡ ಒಳ್ಳೆಯ ನೀರು ಕೊಡಬೇಕಾದರೆ ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ಬಿಡುತ್ತದೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನ ಮುಂದೆ ಕೊಡಗಳು ಸಾಲುನಿಂತ ದಿನಗಳಲ್ಲಿ ಆ ಹೊರಬಿದ್ದ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಬಚ್ಚಲಿಗೆ, ಕುಂಡದ ಗಿಡಗಳಿಗೆ ಬಳಸಿದೆವು. ಈಗಲೂ ಆ ಪೈಪು ಬಕೆಟ್ಟಿನಲ್ಲೇ ಇದೆ. ಅಲಂಕಾರಕ್ಕೆ ಇಟ್ಟ ತೊಟ್ಟಿಗೆ ದಿನಕ್ಕೆ ಎರಡು ಲೀಟರ್ ಕುಡಿಯುವ ನೀರು ಕೊಡುವಾಗ ಅಷ್ಟಾದರೂ ಮಾಡಬೇಕು ಎಂಬುದು ನನ್ನ ನಂಬಿಕೆ.

ಮಂಗಳೂರಿನಲ್ಲಿ ತಂಗಿಯ ಮನೆಯಲ್ಲೂ ಇಂಥದೇ ಒಂದು ತೊಟ್ಟಿ ಇದೆ. ನನ್ನದನ್ನು ನೋಡಿಯೇ ಇಟ್ಟದ್ದು. ಏಪ್ರಿಲ್‌ನಲ್ಲಿ ಅವಳು ಫೋನ್ ಮಾಡಿದಳು.

"ಅಣ್ಣಾ, ನೀನು ಹೇಳಿದ ಹಾಗೇ ಫ್ಯಾನ್ ಕಟ್ಟಿದ್ದೇನೆ ಮಾರಾಯ. ತಿರುಗ್ತಾ ಉಂಟು. ಇಪ್ಪತ್ತೊಂಬತ್ತೂವರೆಯಿಂದ ಕೆಳಗೆ ಇಳಿಯುದೇ ಇಲ್ಲ."

"ನೀರು ಎಷ್ಟು ಕಡಿಮೆಯಾಗ್ತಿದೆ ದಿನಕ್ಕೆ?"

"ಎಲ್ಲಿ ಕಮ್ಮಿ ಆಗ್ತದೆ? ಗೆರೆಯ ಹತ್ರವೇ ಉಂಟು. ಈ ಸೆಖೆಯಲ್ಲಿ ನಮ್ಮ ಬೆವರೇ ಆರುದಿಲ್ಲ, ಅದ್ರದ್ದು ಹೇಗೆ ಆರುದು?"

ಅವಳ ಮಾತಿನಲ್ಲಿ ಇಡೀ ಕರಾವಳಿಯ ಬೇಸಿಗೆ ಇತ್ತು. ಅಲ್ಲಿ ಬಿಸಿಲು 33ರ ಆಸುಪಾಸು, ಅಂಕಿಯಲ್ಲಿ ಬೆಂಗಳೂರಿಗಿಂತ ಕಡಿಮೆ. ಆದರೆ ಗಾಳಿಯಲ್ಲಿ ತೇವ ಶೇಕಡ 70. ಒದ್ದೆ ಬಟ್ಟೆಯ ಥರ್ಮಾಮೀಟರು ಅಲ್ಲಿ 28ಕ್ಕೇ ನಿಂತುಬಿಡುತ್ತದೆ. ಎಷ್ಟು ಫ್ಯಾನ್ ಕಟ್ಟಿದರೂ ನೀರು ಅದಕ್ಕಿಂತ ಕೆಳಗೆ ಹೋಗಲಾರದು, ಅಲ್ಲಿಯವರೆಗೂ ಮುಟ್ಟುವುದಿಲ್ಲ. ಮನೆಯ ಕಿಟಕಿಯಿಂದ ತೆಂಗಿನ ಗರಿ ಅಲ್ಲಾಡುವುದು ಕಾಣುತ್ತದೆ, ಪಡುಗಾಳಿ ಬೀಸುತ್ತದೆ, ಬಟ್ಟೆ ಮಾತ್ರ ಹಗ್ಗದ ಮೇಲೆ ಸಂಜೆಯವರೆಗೂ ಒದ್ದೆ. ಫ್ಯಾನ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಥರ್ಮಾಮೀಟರಿಗಿಂತ ಗಾಜಿನ ಮೇಲಿನ ಗೆರೆಯೇ ಒಳ್ಳೆಯ ಸಾಕ್ಷಿ. ನೀರು ಇಳಿಯದಿದ್ದರೆ ಬಿಸಿಯೂ ಇಳಿದಿಲ್ಲ.

ಅಲ್ಲಿಗೆ ಚಿಲ್ಲರ್ ಬೇಕು. ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವ ಪೆಟ್ಟಿಗೆ. ತೊಟ್ಟಿಯ ನೀರು ಒಂದು ಪೈಪಿನಲ್ಲಿ ಒಳಹೋಗಿ ಇನ್ನೊಂದರಲ್ಲಿ ತಣ್ಣಗಾಗಿ ಬರುತ್ತದೆ. ಇಷ್ಟು ನೀರಿಗೆ ಹತ್ತರಲ್ಲೊಂದು ಅಶ್ವಶಕ್ತಿಯದು ಧಾರಾಳ. ಅಗ್ಗಕ್ಕೆ ಸಿಗುವ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಚಿಲ್ಲರ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವು ತಿನ್ನುವ ಕರೆಂಟಿಗೂ ಕೊಡುವ ತಂಪಿಗೂ ತಾಳೆಯಿಲ್ಲ. ಚಿಲ್ಲರ್ ಬಿಸಿಯನ್ನು ನಾಶ ಮಾಡುವುದಿಲ್ಲ, ನೀರಿನಿಂದ ಎತ್ತಿ ಗಾಳಿಗೆ ಸುರಿಯುತ್ತದೆ, ತನ್ನದನ್ನೂ ಸೇರಿಸಿ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಬಾಗಿಲು ಹಾಕಿ ಇಟ್ಟರೆ ತಾನು ಉಗುಳಿದ ಬಿಸಿಗಾಳಿಯನ್ನು ತಾನೇ ಮತ್ತೆ ಎಳೆದುಕೊಂಡು ಏದುಸಿರು ಬಿಡುತ್ತದೆ. ತಂಗಿಯ ಗಂಡ ಗೋಡೆ ಕೊರೆಸಿ, ಪೈಪು ಹಾಯಿಸಿ, ಪೆಟ್ಟಿಗೆಯನ್ನು ಹಿಂಬದಿಯ ಸಿಟೌಟಿನಲ್ಲಿ ಕೂರಿಸಿದರು. ಪೈಪಿನ ಸುತ್ತ ಫೋಮ್ ಸುತ್ತಿದ್ದಾರೆ, ಇಲ್ಲದಿದ್ದರೆ ಅದರ ಮೈಮೇಲೆ ನೀರು ಹನಿಗಟ್ಟಿ ನೆಲವೆಲ್ಲ ಒದ್ದೆ. ಈಗ ಅಲ್ಲಿ 26.5. ಕರೆಂಟ್ ಬಿಲ್ ಏರಿದೆ. ರಾತ್ರಿ ಮಲಗುವ ಕೋಣೆಯಲ್ಲಿ ಹೇಗೂ ಏಸಿ ಓಡಿಸುವ ಮನೆಯವರು ತೊಟ್ಟಿಯನ್ನೇ ಆ ಕೋಣೆಗೆ ಸಾಗಿಸುವುದು ಇದಕ್ಕಿಂತ ಜಾಣತನ. ಏಸಿ ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತದೆ, ಆಗ ಫ್ಯಾನಿಗೂ ಬಲ ಬರುತ್ತದೆ.

ಮಂಗಳೂರಿನವರು ಒಂದು ಪ್ರಶ್ನೆ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಬೇಸಿಗೆಯ ಕೊನೆಯಲ್ಲಿ ಅರಬ್ಬಿ ಸಮುದ್ರದ ಮೇಲ್ನೀರೇ 30 ಡಿಗ್ರಿಯ ಹತ್ತಿರ ಇರುವಾಗ, ತೊಟ್ಟಿಯ ನೀರು 29 ಆದರೆ ಆಗುವುದೇನು? ಒಂದೊಂದು ಕಡಲಿನ ಹವಳ ಅಲ್ಲಲ್ಲಿನ ಬೇಸಿಗೆಗೆ ಒಗ್ಗಿಕೊಂಡಿದೆ. ತನ್ನ ಜಾಗದ ಅತಿ ಬೆಚ್ಚಗಿನ ತಿಂಗಳ ಸರಾಸರಿಗಿಂತ ಒಂದೇ ಡಿಗ್ರಿ ಮೇಲೆ ಹೋಗಿ ವಾರಗಟ್ಟಲೆ ಅಲ್ಲೇ ನಿಂತರೆ ಅದು ಬಿಳಿಚಲು ತೊಡಗುತ್ತದೆ. ಉಪಗ್ರಹದಿಂದ ಕಡಲಿನ ಬಿಸಿ ಅಳೆಯುವವರು ಲೆಕ್ಕ ಹಿಡಿಯುವುದೂ ಹೀಗೆಯೇ: ಎಷ್ಟು ಡಿಗ್ರಿ ಹೆಚ್ಚು, ಎಷ್ಟು ವಾರ. ನಮ್ಮ ತೊಟ್ಟಿಯ ಹವಳಗಳು ತಲೆಮಾರುಗಳಿಂದ ಸಾಕಣೆಯ ತೊಟ್ಟಿಗಳಲ್ಲಿ 25–26 ಡಿಗ್ರಿಯಲ್ಲಿ ಕವಲೊಡೆದು ಬೆಳೆದವು. ಮಲ್ಪೆಯ ನೀರು ಅವುಗಳ ತವರಲ್ಲ. ಕಡಲು ಬೆಳಗ್ಗೆ 26 ಇದ್ದು ಸಂಜೆಗೆ 29 ಆಗುವುದೂ ಇಲ್ಲ.

ಆ ಕಡಲೂ ಈಗ ಲೆಕ್ಕ ತಪ್ಪಿದೆ. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು ಹೊತ್ತ ಮಂಜಿಗಳು ಹೋಗುತ್ತವಲ್ಲ, ಆ ಲಕ್ಷದ್ವೀಪ ನಿಂತಿರುವುದೇ ಹವಳದ ಮೇಲೆ. 1998ರಲ್ಲಿ ಅಲ್ಲಿ ಹವಳ ಬಿಳಿಚಿತು, 2010ರಲ್ಲಿ ಬಿಳಿಚಿತು, 2016ರಲ್ಲಿ ಮತ್ತೆ. 2024ರ ಬೇಸಿಗೆಯಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದ್ವೀಪದಿಂದ ದ್ವೀಪಕ್ಕೆ ಬಿಳಿ ಹವಳವನ್ನೇ ಕಂಡರು. ಅದೇ ವರ್ಷದ ಏಪ್ರಿಲ್ 15ರಂದು ಜಗತ್ತಿನ ಕಡಲುಗಳಲ್ಲಿ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು ಘೋಷಣೆಯಾಯಿತು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗು ಹಾಕಿದವರಿಗೆ ನಮ್ಮ ರಾಜ್ಯದ ಮಗ್ಗುಲಲ್ಲೂ ಹವಳವಿದೆ ಎಂಬುದು ಗೊತ್ತು. ಮನೆಯಲ್ಲಿ 29.2 ಎಂಬ ಕೆಂಪು ಅಂಕಿ ಕಂಡಾಗ ನಾನು ಎದ್ದು ಫ್ಯಾನಿನ ವೇಗ ಏರಿಸುತ್ತೇನೆ. ಆಗೆಲ್ಲ ಲಕ್ಷದ್ವೀಪದ ಅಗತ್ತಿಯ ಲಗೂನು ನೆನಪಾಗಿ ಎದೆ ಭಾರವಾಗುತ್ತದೆ.

ಬೆಂಗಳೂರಿನಲ್ಲಿ ಏಪ್ರಿಲ್ ಕಳೆಯುವ ಹೊತ್ತಿಗೆ ಇನ್ನೊಂದು ಭಯ ಸೇರಿಕೊಳ್ಳುತ್ತದೆ. ಸಂಜೆ ಮೋಡ ಕವಿದು, ಧೂಳು ಎದ್ದು, ನಾಲ್ಕು ಹನಿ ಬಿದ್ದು, ಬೀದಿಯ ಗುಲ್‌ಮೊಹರ್ ಮರವೋ ಕೊಂಬೆಯೋ ತಂತಿಯ ಮೇಲೆ ಉರುಳುತ್ತದೆ. ಕರೆಂಟ್ ಹೋಗುತ್ತದೆ. ಹೊರಗೆ ಮಣ್ಣಿನ ವಾಸನೆ, ಮಕ್ಕಳ ಕೇಕೆ, ಇಡೀ ಬಡಾವಣೆಗೆ ಹಬ್ಬ. ತೊಟ್ಟಿಯಲ್ಲಿ ಫ್ಯಾನು ನಿಂತಿದೆ, ಅಲೆಯೂ ನಿಂತಿದೆ. ಮೈಮೇಲಿನ ಸುಕ್ಕು ಮಾಯವಾಗಿ ನೀರು ಸಪಾಟಾಗಿದೆ. ಇಂಥ ಹೊತ್ತಿನಲ್ಲಿ ಮೊದಲು ಬೀಳುವ ಏಟು ಬಿಸಿಯದಲ್ಲ, ಉಸಿರಿನದು. 25 ಡಿಗ್ರಿಯ ಕಡಲನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ 6.2. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಅದೇ ಬಿಸಿಗೆ ಮೀನಿಗೂ ಸೀಗಡಿಗೂ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದು ಹೆಚ್ಚು. ರಾತ್ರಿ ದೀಪವಿಲ್ಲದೆ ಪಾಚಿಗಳೂ ಆಮ್ಲಜನಕ ಮಾಡುವುದಿಲ್ಲ, ಅವೂ ಉಸಿರಾಡುತ್ತವೆ. ನಸುಕಿನ ಹೊತ್ತಿಗೆ ಕ್ಲೌನ್ ಮೀನು ನೀರಿನ ಮೇಲ್ಮೈಗೆ ಬಾಯಿ ತಾಗಿಸಿ ನಿಂತಿರುತ್ತದೆ, ಕಿವಿರಿನ ಮುಚ್ಚಳ ಪಟಪಟ ಬಡಿಯುತ್ತಿರುತ್ತದೆ. ಬಸವನಹುಳುಗಳು ಗಾಜಿನುದ್ದ ಹತ್ತಿ ಅಂಚಿಗೆ ಬಂದು ಕೂತಿರುತ್ತವೆ.

ಆದ್ದರಿಂದ ಮನೆಯ ಯುಪಿಎಸ್‌ನಿಂದ ಒಂದು ತಂತಿಯನ್ನು ತೊಟ್ಟಿಯ ಕಡೆ ಎಳೆಸಿದ್ದೇನೆ. ಅದರಲ್ಲಿ ವೇವ್‌ಮೇಕರ್ ಮತ್ತು ಫ್ಯಾನು ಎರಡೇ, ದೀಪವಿಲ್ಲ, ಸ್ಕಿಮ್ಮರ್ ಇಲ್ಲ. ಆ ಎರಡೂ ಸೇರಿ ತಿನ್ನುವುದು ಒಂದು ಎಲ್‌ಇಡಿ ಬಲ್ಬಿನಷ್ಟು, ಬೆಳತನಕ ಓಡುತ್ತವೆ. ಯುಪಿಎಸ್ ಇಲ್ಲದವರು ಬ್ಯಾಟರಿಯಲ್ಲಿ ಗುಳ್ಳೆ ಬಿಡುವ ಸಣ್ಣ ಏರ್ ಪಂಪು ಇಟ್ಟುಕೊಳ್ಳಲಿ, ಬೆಲೆ ಹೆಚ್ಚಿಲ್ಲ. ಅದೂ ಇಲ್ಲದ ರಾತ್ರಿ ಒಂದು ಮಗ್ಗಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಒಂದಡಿ ಮೇಲಿಂದ ಸುರಿದರೆ, ಹತ್ತು ನಿಮಿಷಕ್ಕೊಮ್ಮೆ, ಮೀನು ಬದುಕುತ್ತದೆ.

ಮಂಜುಗಡ್ಡೆಯ ಬಾಟಲಿ ಇಂಥ ಆಪತ್ತಿಗೆ ಮಾತ್ರ. ಗಡ್ಡೆಯನ್ನು ಬಿಡಿಯಾಗಿ ನೀರಿಗೆ ಹಾಕಬಾರದು, ಉಪ್ಪು ತೆಳುವಾಗುತ್ತದೆ, ನಲ್ಲಿ ನೀರಿನದಾದರೆ ಕ್ಲೋರಿನ್ ಸೇರುತ್ತದೆ. ಮುಚ್ಚಳ ಬಿಗಿದ ಬಾಟಲಿ, ಹೊರಗೆ ಚೆನ್ನಾಗಿ ತೊಳೆದದ್ದು, ಒಮ್ಮೆಗೆ ಒಂದೇ. ಒಂದು ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಸಲು ಹೋಗಬಾರದು. ಮನಸ್ಸು ಕೇಳುವುದಿಲ್ಲ, ಒದ್ದಾಡುವ ಮೀನನ್ನು ನೋಡಿದಾಗ ಎರಡು ಬಾಟಲಿ ಒಟ್ಟಿಗೆ ಇಳಿಸಿಬಿಡೋಣ ಅನಿಸುತ್ತದೆ. ದಿನವೆಲ್ಲ ಕಾದು ಸುಸ್ತಾದ ಜೀವಕ್ಕೆ ಅರ್ಧ ಗಂಟೆಯಲ್ಲಿ ಬರುವ ಚಳಿ ಬಿಸಿಗಿಂತ ಕೆಟ್ಟದ್ದು.

ಮೇ ಕೊನೆಗೆ ಮಳೆ ಹಿಡಿದು, ರಾತ್ರಿಗಳು ಇಪ್ಪತ್ತರ ಹತ್ತಿರ ಇಳಿದಾಗ ಫ್ಯಾನುಗಳನ್ನು ಬಿಚ್ಚಿ ಉಪ್ಪು ಒರೆಸಿ ಎತ್ತಿಡುತ್ತೇನೆ, ಹೀಟರ್ ನೀರಿಗೆ ಇಳಿಯುತ್ತದೆ. ಬೇಸಿಗೆ ದಾಟಿತು ಎಂದು ಎಲ್ಲರೂ ನಿರಾಳವಾಗುವ ಕಾಲ. ತೊಟ್ಟಿ ಕಾದು ಹೋಗುವ ಇನ್ನೊಂದು ದಾರಿ ತೆರೆಯುವುದು ಆಗಲೇ. ಹೀಟರಿನೊಳಗಿನ ಥರ್ಮೋಸ್ಟಾಟಿನ ತುದಿಗಳು ಸವೆದು ಒಂದಕ್ಕೊಂದು ಅಂಟಿಕೊಂಡರೆ ಅದು ಆರುವುದೇ ಇಲ್ಲ. ನೂರು ವಾಟಿನ ಹೀಟರ್ ಹಾಗೆ ಉರಿಯುತ್ತ ಉಳಿದರೆ ಅರವತ್ತು ಲೀಟರನ್ನು ಗಂಟೆಗೆ ಒಂದೂವರೆ ಡಿಗ್ರಿಯ ಹತ್ತಿರ ಏರಿಸುತ್ತದೆ. ಮನೆಯವರು ಮಲಗಿ ಏಳುವುದರೊಳಗೆ ಎಲ್ಲ ಮುಗಿದಿರುತ್ತದೆ. ಜುಲೈನ ಜಡಿಮಳೆಯಲ್ಲಿ ಹೀಗೆ ತೊಟ್ಟಿ ಕಳೆದುಕೊಂಡವರನ್ನು ಬಲ್ಲೆ. ನಮ್ಮದರಲ್ಲಿ ಇರುವುದು ಐವತ್ತು ವಾಟಿನದು. ಅಂಟಿಕೊಂಡರೂ ಅದು ಅಷ್ಟು ಬೇಗ ಕೊಲ್ಲದು. ಅದರ ಪ್ಲಗ್ಗು ನೇರ ಗೋಡೆಗಲ್ಲ, ಎಸ್‌ಟಿಸಿ-1000 ಎಂಬ ಪುಟ್ಟ ನಿಯಂತ್ರಕದ ಮೂಲಕ ಹೋಗುತ್ತದೆ. ಹೀಟರ್ ತನ್ನನ್ನು ತಾನು ಆರಿಸಿಕೊಳ್ಳದಿದ್ದರೂ ಇದು 26ಕ್ಕೆ ಕರೆಂಟು ಕಡಿಯುತ್ತದೆ. ಅದರ ಪ್ರೋಬ್ ನೀರಿನಿಂದ ಜಾರಿ ಹೊರಗೆ ಬಿದ್ದರೆ ಮಾತ್ರ ಅದು ಕೋಣೆಯ ತಂಪನ್ನು ತೊಟ್ಟಿಯ ತಂಪೆಂದು ತಿಳಿದು ಹೀಟರನ್ನು ಉರಿಸುತ್ತಲೇ ಇರುತ್ತದೆ. ಹಾಗಾಗಿ ಪ್ರೋಬಿನ ತಂತಿಯನ್ನು ಗಾಜಿಗೆ ಎರಡು ಕಡೆ ಕಚ್ಚಿಸಿದ್ದೇನೆ. ಗಾಜು ಒರೆಸಿದ ದಿನವೆಲ್ಲ ಕೈ ಇಳಿಸಿ, ಅದರ ತುದಿ ನೀರಿನಲ್ಲೇ ಇದೆಯೇ ಎಂದು ಮುಟ್ಟಿ ನೋಡುತ್ತೇನೆ.